ಟ್ಯಾಂಕಿನವರೆಗೆ ಜೊತೆ

ಐದೇ ಐದು ಸಲಹೆ ಸಾಕು ಎಂದಿದ್ದರು ಆಫೀಸಿನ ಮೇಡಂ. ಮಧ್ಯಾಹ್ನದ ಬಿಡುವಿನಲ್ಲಿ, ಮೇಲಿನ ಮಹಡಿಯ ಊಟದ ಹಾಲಿನಲ್ಲಿ, ಎಲ್ಲರ ಡಬ್ಬಿ ಖಾಲಿಯಾದ ಮೇಲೆ ಎದ್ದು ನಿಂತು ಐದು ಸಲಹೆ. ದೇಹಕ್ಕೆ ಎರಡು, ಓದಿಗೆ ಎರಡು, ದಿನದ ಬದುಕಿಗೆ ಒಂದು. “ನೀವು ಈ ಒಂದು ವರ್ಷದಲ್ಲಿ ಎಷ್ಟು ಬದಲಾಗಿದ್ದೀರಿ, ಅದನ್ನೇ ಹೇಳಿ, ಬೇರೆ ಏನೂ ಬೇಡ” ಎಂದು ಅವರು ಹೇಳಿದಾಗ ಅವನು ತಲೆಯಾಡಿಸಿಬಿಟ್ಟಿದ್ದ. ಈಗ ಮಂಚದ ತುದಿಯಲ್ಲಿ ಕುಳಿತು ಬೂಟಿನ ದಾರ ಕಟ್ಟಲು ಬಗ್ಗಿದವನಿಗೆ ತಾನು ಬಗ್ಗಿದ್ದೇನೆ ಎಂಬುದೇ ಇನ್ನೂ ಹೊಸ ಸಂಗತಿಯಾಗಿ ಕಂಡಿತು. ಹೋದ ವರ್ಷದವರೆಗೆ ಅವನು ದಾರವಿಲ್ಲದ, ಸುಮ್ಮನೆ ಕಾಲು ತೂರಿಸುವ ಬೂಟುಗಳನ್ನೇ ಹುಡುಕಿ ಕೊಳ್ಳುತ್ತಿದ್ದ. ಅಂಗಡಿಯವನು “ಇದು ವಯಸ್ಸಾದವರಿಗೆ ಸಾರ್” ಎಂದಾಗ “ನಮ್ಮ ತಂದೆಗೆ” ಎಂದು ಸುಳ್ಳು ಹೇಳಿ, ಇಲ್ಲದ ತಂದೆಯ ಕಾಲಿನ ಅಳತೆಗೆ ತನ್ನ ಕಾಲನ್ನೇ ಚಾಚಿದ್ದ. ಈಗ ಎರಡೂ ಗಂಟು ಬಿದ್ದವು. ಉಸಿರು ಎಲ್ಲಿತ್ತೋ ಅಲ್ಲೇ ಇತ್ತು. ಆದರೆ ಇದರಲ್ಲಿ ಸಲಹೆ ಎಂಬುದು ಎಲ್ಲಿದೆ? ಬೂಟಿನ ದಾರ ಕಟ್ಟಿರಿ ಎಂದು ಹೇಳಲಾದೀತೇ? ತಾನು ಬದಲಾದೆ ಎಂಬ ಮಾತನ್ನು ಬಾಯಲ್ಲಿ ಇಟ್ಟುಕೊಂಡು ನೋಡಿದ. ಬೇರೆಯವರ ಕನ್ನಡಕ ಹಾಕಿಕೊಂಡ ಹಾಗಿತ್ತು. ಅವನು ಬದಲಾದದ್ದಲ್ಲ, ಅವನನ್ನು ಬದಲಾಯಿಸಿದ್ದು. ಅದೂ ಕೈ ಹಿಡಿದು, ಗೊತ್ತಾಗದ ಹಾಗೆ.

ಪಕ್ಕದ ಬೀದಿಯ ಮೂಲೆಯಲ್ಲಿ ಭಾವ ಆಗಲೇ ನಿಂತಿದ್ದರು. ಅಕ್ಕನ ಗಂಡ, ಪುಸ್ತಕ ಬೈಂಡಿಂಗಿನ ಕೆಲಸ, ನಡು ಹಗಲಿನಲ್ಲೂ ದೀಪ ಉರಿಯುವ ಅಂಗಡಿ, ಅದರ ಹಿಂದೆಯೇ ಮನೆ. ಉದ್ದನೆಯ ಮನುಷ್ಯ, ಉಣ್ಣೆಯ ಟೋಪಿ, ಬೆರಳ ತುದಿಗಳಲ್ಲಿ ಒಣಗಿದ ಅಂಟಿನ ಹೊಳಪು. ಅವನು ಹತ್ತಿರ ಬರುವವರೆಗೂ ಅವರು ಬೇರೆಲ್ಲೋ ನೋಡುತ್ತಿದ್ದು, ಬೂಟಿನ ಸದ್ದು ಕೇಳಿದ ಮೇಲೆ ಮುಖ ತಿರುಗಿಸಿ, ಪ್ರತಿದಿನದಂತೆ ಅವನ ಎಡ ಮೊಣಕೈ ಹಿಡಿದುಕೊಂಡರು.

“ಯಾಕೆ ಭಾವ ದಿನಾ ಹಿಡ್ಕೊಳ್ತೀರಿ, ನಾನೇನು ಓಡಿಹೋಗ್ತೀನಾ?” ಎಂದು ಅವನು ಮೊದಮೊದಲು ಕೇಳಿದ್ದುಂಟು.

“ಓಡಬಾರದು ಅಂತಲೇ ಹಿಡ್ಕೊಂಡಿರೋದು. ಓಡೋನು ಎರಡು ದಿನ ಓಡ್ತಾನೆ, ಮೂರನೇ ದಿನ ಹೊದ್ದು ಮಲಗ್ತಾನೆ. ನಡಿ ಸುಮ್ಮನೆ.”

ಬೀದಿ ಮುಗಿದಲ್ಲಿ ಗುಡ್ಡ, ಗುಡ್ಡದ ಮೇಲೆ ನೀರಿನ ಟ್ಯಾಂಕು, ಟ್ಯಾಂಕಿಗೆ ಹೋಗಲು ಕಲ್ಲಿನ ಮೆಟ್ಟಿಲು. ಮೆಟ್ಟಿಲು ಎಷ್ಟಿವೆ ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಎಣಿಸಬಾರದೆಂಬುದು ಭಾವನ ಕಟ್ಟಳೆ. ಇನ್ನೊಂದು ಕಟ್ಟಳೆ, ಹತ್ತುವಾಗ ಮಾತಾಡುತ್ತಿರಬೇಕು. ಮಾತು ತುಂಡಾಗುವಷ್ಟು ಜೋರಾಗಿ ಹತ್ತಿದರೆ ಅದು ವ್ಯಾಯಾಮವಲ್ಲ, ಜಗಳ. ಏನು ಮಾತಾಡುವುದು? ಅದಕ್ಕೂ ಅವರಲ್ಲಿ ದಾರಿಯಿತ್ತು. ಬೆನ್ನು ಮುರಿದು ಅಂಗಡಿಗೆ ಬಂದು ಯಾರೂ ವಾಪಸು ಕೇಳದೆ ಉಳಿದ ದಪ್ಪ ದಪ್ಪ ಕಾದಂಬರಿಗಳನ್ನು ಅವರು ಬಿಚ್ಚಿ, ಕೈಯಲ್ಲಿ ಹಗುರಾಗಿ ಹಿಡಿಯುವಂಥ ತೆಳು ಭಾಗಗಳಾಗಿ ಮಾಡಿ, ಒಂದೊಂದನ್ನೂ ಬೇರೆ ಬಣ್ಣದ ದಾರದಲ್ಲಿ ಹೊಲಿದು, ಕಂದು ಕಾಗದ ಹೊದಿಸಿ, ಕೊನೆಗೆ ಕತ್ತರಿಸುವ ಯಂತ್ರದ ಕೆಳಗಿಟ್ಟು ಪುಟಸಂಖ್ಯೆ ಇರುವ ಅಂಚನ್ನು ಸವರಿಬಿಡುತ್ತಿದ್ದರು. “ಎಣಿಸೋನು ಓದಲ್ಲ ಕಣೋ. ಎಷ್ಟು ಉಳೀತು, ಎಷ್ಟು ಉಳೀತು ಅಂತ ಎಣಿಸ್ತಾನೆ ಅಷ್ಟೆ.” ಒಂದು ಭಾಗ ಓದಿ ವಾಪಸು ಕೊಟ್ಟರೆ ಮಾತ್ರ ಮುಂದಿನದು. ಓದಿದ್ದನ್ನು ಮೆಟ್ಟಿಲು ಹತ್ತುತ್ತ ಅವರಿಗೆ ಹೇಳಬೇಕು. “ನನಗೆಲ್ಲಿ ಪುರುಸೊತ್ತು, ನೀನು ಓದು, ನಾನು ಕೇಳ್ತೀನಿ.” ಹೇಳಬೇಕಾದ್ದರಿಂದ ಅವನು ಗಮನವಿಟ್ಟು ಓದಿದ, ಹೇಳುತ್ತಿದ್ದರಿಂದ ಹತ್ತುವುದು ಗೊತ್ತಾಗಲಿಲ್ಲ, ಮೇಲೆ ಹತ್ತಿದ್ದರಿಂದ ಹಸಿವು ಹಸಿವಾಯಿತು, ನಿದ್ದೆ ನಿದ್ದೆಯಾಯಿತು. ಹೊಟ್ಟೆ ಯಾವಾಗ ಕರಗಿತೋ, ಸಿಡುಕು ಯಾವಾಗ ಹೋಯಿತೋ. ಅಕ್ಕನಂತೂ “ಲೋ ಪುಟ್ಟ, ಈಗ ನೋಡು, ಹೆಸರಿಗೂ ಆಳಿಗೂ ತಾಳೆ ಆಯ್ತು” ಎಂದು ನಕ್ಕಿದ್ದಳು.

“ಭಾವ, ಇವತ್ತು ಆಫೀಸಲ್ಲಿ ಐದು ಸಲಹೆ ಹೇಳಬೇಕಂತೆ.”

“ಯಾರಿಗೆ?”

“ಎಲ್ಲರಿಗೂ.”

“ಕೇಳಿದಾರಾ ಅವರು?”

“ಇಲ್ಲ, ಮೇಡಂ ಹೇಳಿಸ್ತಿದಾರೆ.”

“ಹಾಗಾದ್ರೆ ನೀರು ಕುಡೀರಿ ಅನ್ನು. ಅದಕ್ಕೆ ಯಾರೂ ಎದುರು ಮಾತಾಡಲ್ಲ.”

ಇಬ್ಬರೂ ನಕ್ಕರು. ಟ್ಯಾಂಕಿನ ಕಾವಲುಗಾರ ಗೇಟಿನ ಬಳಿ ಸುಮ್ಮನೆ ಕೈ ಎತ್ತಿದ, ಭಾವ ಗಮನಿಸಲಿಲ್ಲ. ಕಾವಲುಗಾರ ಕೆಮ್ಮಿದ ಮೇಲೆ “ಓ, ಏನಪ್ಪ, ಚೆನ್ನಾಗಿದೀಯಾ?” ಎಂದರು. ಅವರ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಏನಾಯಿತು ಎಂದರೆ ರಟ್ಟು ಕೊಯ್ದಿತು ಎಂದರು. ಅವನು ಅದನ್ನು ಅಲ್ಲಿಗೇ ಬಿಟ್ಟ. ಅವನ ತಲೆಯ ತುಂಬ ಐದನೆಯ ಸಲಹೆ. ಅದೊಂದು ಮಾತ್ರ ಅವನದೇ ಎಂದು ಅವನಿಗೆ ಖಾತ್ರಿಯಿತ್ತು. ಈಗ ಓದುತ್ತಿರುವ ಕಾದಂಬರಿಯ ಬಗ್ಗೆ ಹೇಳುವುದು. ಅದರಲ್ಲಿ ಸತ್ತವಳು ಹೇಗೆ ವಾಪಸು ಬರುತ್ತಾಳೆ ಎಂಬುದನ್ನು.

ಎಲ್ಲೋ ಹಿಮ ಬೀಳುವ ದೇಶದ ಕಥೆ, ಯಾವುದೋ ಭಾಷೆಯಿಂದ ಬಂದದ್ದು. ರೈಲು ನಿಲ್ದಾಣದ ಪಕ್ಕ ಒಂದು ವಸತಿಗೃಹ, ಅದನ್ನು ನಡೆಸುವ ಮುದುಕಿ, ದೂರದೂರಿನಲ್ಲಿ ಅವಳ ಮಗ. ಮುದುಕಿಗೆ ಕಾಯಿಲೆ ಎಂದು ಸುದ್ದಿ ಹೋಗುತ್ತದೆ. ಮಗ ರೈಲು ತಪ್ಪಿಸಿಕೊಳ್ಳುತ್ತಾನೆ, ಮುಂದಿನ ರೈಲಿನಲ್ಲಿ ಬರುತ್ತಾನೆ, ಬರುವಷ್ಟರಲ್ಲಿ ಒಲೆ ಆರಿರುತ್ತದೆ. ನಾಲ್ಕನೆಯ ಭಾಗ ಅಲ್ಲಿಗೆ ಮುಗಿದಿತ್ತು. ಅದನ್ನು ಓದಿದ ಮೇಲೆ ಅವನಿಗೆ ಮುಂದಿನ ಭಾಗ ತೆಗೆದುಕೊಳ್ಳುವ ಧೈರ್ಯವಿರಲಿಲ್ಲ. ತೆಗೆದುಕೊಂಡು ತೆರೆದರೆ ಮುದುಕಿ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದಾಳೆ. ಏನೂ ಆಗಿಲ್ಲ. ಒಂದು ಸಾಮಾನ್ಯ ಮಧ್ಯಾಹ್ನ. ಮಗ ಯಾವುದೋ ರಜೆಗೆ ಬಂದವನು ಒಲೆಯ ಬಳಿ ನಿದ್ದೆ ಹೋಗಿದ್ದಾನೆ, ಅವಳು ಅವನ ಮೇಲೆ ಕೋಟು ಹೊದಿಸಿ, ಮತ್ತೆ ಕೂತು, ಸಿಪ್ಪೆ ತುಂಡಾಗದಂತೆ ಉದ್ದಕ್ಕೆ ಸುಲಿಯುತ್ತಾಳೆ. ಎಂಥ ಲೇಖಕ! ಸಾವನ್ನು ಮೊದಲು ಮುಗಿಸಿ, ಕೈ ತೊಳೆದುಕೊಂಡು, ಆಮೇಲೆ ಆ ಮಧ್ಯಾಹ್ನವನ್ನು ತಂದು ತಟ್ಟೆಗೆ ಬಡಿಸಿದ್ದ. ಆ ದಿನ ಮೆಟ್ಟಿಲಲ್ಲಿ ಅದನ್ನು ಹೇಳುತ್ತ ಹೇಳುತ್ತ ಅವನ ಮಾತು ತುಂಡಾಯಿತು. ಉಸಿರಿಗಾಗಿ ಅಲ್ಲ. ಭಾವ ನಿಂತುಬಿಟ್ಟರು. ಮೊಣಕೈ ಬಿಡದೆ, “ಸಿಪ್ಪೆ ತುಂಡಾಗಲಿಲ್ಲ ಅಲ್ವಾ?” ಎಂದರು. ಇಲ್ಲ ಭಾವ ಎಂದ. “ಇನ್ನೊಂದು ಸಲ ಹೇಳು.” ಅವನು ಮೊದಲಿನಿಂದ ಹೇಳಿದ.

ಹೋದ ವರ್ಷದ ಆ ಆಸ್ಪತ್ರೆಯ ಮೆಟ್ಟಿಲಿಗೆ ಕಲ್ಲಿನ ಬಣ್ಣವಿರಲಿಲ್ಲ, ಹಾಲಿನ ಕೆನೆಯ ಬಣ್ಣ, ನಡುವೆ ತುಳಿದು ತುಳಿದು ಸವೆದಿತ್ತು. ಲಿಫ್ಟಿನ ಬಾಗಿಲಿಗೆ ‘ಕೆಟ್ಟಿದೆ’ ಎಂದು ರಟ್ಟು ತೂಗುಹಾಕಿದ್ದರು. ಅಮ್ಮ ನಾಲ್ಕನೆಯ ಮಹಡಿಯಲ್ಲಿದ್ದಳು. ಅಕ್ಕ ಫೋನಿನಲ್ಲಿ ಬೇಗ ಬಾ ಎಂದಷ್ಟೇ ಹೇಳಿದ್ದಳು. ಲಿಫ್ಟ್ ಕಂಪನಿಯ ದೂರು ವಿಭಾಗದಲ್ಲಿ ಕೂತು ಅನ್ನ ತಿನ್ನುವ ಅವನು, ಆ ಹೊತ್ತಿನಲ್ಲೂ, ಇದು ನಮ್ಮ ಕಂಪನಿಯದಲ್ಲ ಎಂದು ಫಲಕ ಓದಿ ಒಂದು ಕ್ಷಣ ನೆಮ್ಮದಿಪಟ್ಟಿದ್ದ. ಆ ನೆಮ್ಮದಿಯನ್ನು ಅವನು ಇವತ್ತಿಗೂ ಹೊಟ್ಟೆಗೆ ಹಾಕಿಕೊಂಡಿಲ್ಲ. ಎರಡನೆಯ ಮಹಡಿಯ ತಿರುವಿನಲ್ಲಿ ಮೊಣಕಾಲು ಕೈಕೊಟ್ಟಿತು. ಕೂತ. ಉಸಿರು ಸಿಗಲಿಲ್ಲ, ಕಣ್ಣಿಗೆ ಕಪ್ಪು ಕವಿಯಿತು. ಜನ ಅವನನ್ನು ದಾಟಿ ಹತ್ತಿದರು, ದಾಟಿ ಇಳಿದರು. ಒಬ್ಬ ನರ್ಸು ಬಗ್ಗಿ “ನೀವು ಪೇಷೆಂಟಾ?” ಎಂದು ಕೇಳಿದಳು. ಅಲ್ಲ ಎಂದು ಹೇಳುವಷ್ಟು ಗಾಳಿಯೂ ಇರಲಿಲ್ಲ. ಎಷ್ಟು ಹೊತ್ತೋ. ಆಮೇಲೆ ಮೇಲಿನಿಂದ ಭಾವ ಇಳಿದು ಬಂದರು. ಅವನನ್ನು ನೋಡಿದರು. ಏನೂ ಕೇಳದೆ ಅದೇ ಕೊಳೆ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟು, “ಉಸಿರು ಬಿಡು, ನಿಧಾನಕ್ಕೆ. ಅವಸರ ಇಲ್ಲ” ಎಂದರು. ಅವಸರ ಇಲ್ಲ ಎಂಬ ಮಾತಿನಿಂದ ಅವನಿಗೆ ಎಲ್ಲ ಗೊತ್ತಾಯಿತು. ಮೇಲೆ ಹೋದಾಗ ಅಕ್ಕ ಯಾಕೋ ಇಷ್ಟು ತಡ ಎಂದು ಅಳುತ್ತ ಕೇಳಿದರೆ, ಅವನು ಬಾಯಿ ತೆರೆಯುವ ಮೊದಲೇ ಭಾವ, “ದಾರಿಯಲ್ಲಿ ಬಸ್ಸು ಕೆಟ್ಟಿತ್ತಂತೆ” ಎಂದಿದ್ದರು. ಆ ಬಸ್ಸು ಇವತ್ತಿಗೂ ಕೆಟ್ಟೇ ನಿಂತಿದೆ. ಅದಾಗಿ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತಟ್ಟಿ, “ಡಾಕ್ಟರು ನನಗೆ ನಡೀಬೇಕು ಅಂದಿದಾರೆ. ಒಬ್ಬನೇ ಹೋಗೋಕೆ ಬೇಜಾರು. ಟ್ಯಾಂಕಿನವರೆಗೆ ಜೊತೆಗೆ ಬಾ” ಎಂದರು. ದಪ್ಪಗಾಗಿದ್ದೀಯ ಎನ್ನಲಿಲ್ಲ. ಯಾವ ಡಾಕ್ಟರು ಎಂದು ಅವನೂ ಕೇಳಲಿಲ್ಲ.

ಆಫೀಸಿಗೆ ಬಂದು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಳ್ಳುವಷ್ಟರಲ್ಲಿ ಒಂದು ಕರೆ. ಯಾವುದೋ ಕಟ್ಟಡದಲ್ಲಿ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಹೆಂಗಸು. “ಗಾಳಿ ಬರ್ತಿಲ್ಲ, ನನಗೆ ಗಾಳಿ ಬರ್ತಿಲ್ಲ.” ಗಾಳಿ ಬರುತ್ತಿರುತ್ತದೆ ಎಂದು ಅವನಿಗೆ ಗೊತ್ತು, ಮೇಲುಗಡೆ ಕಿಂಡಿಯಿದೆ ಎಂದೂ ಗೊತ್ತು, ಹೋದ ವರ್ಷವಾಗಿದ್ದರೆ ಅದನ್ನೇ ಸಿಡುಕಿನಿಂದ ಹೇಳುತ್ತಿದ್ದ. ಈಗ, “ಅಮ್ಮ, ನಾನು ಲೈನಲ್ಲೇ ಇದೀನಿ. ನೆಲದ ಮೇಲೆ ಕೂತ್ಕೊಳ್ಳಿ. ಉಸಿರು ಬಿಡಿ, ನಿಧಾನಕ್ಕೆ. ನಮ್ಮವನು ಹೊರಟಿದಾನೆ” ಎಂದ. ಅವಸರ ಇಲ್ಲ ಎಂಬ ಮಾತನ್ನು ಮಾತ್ರ ಅವನು ಯಾರಿಗೂ ಹೇಳುವುದಿಲ್ಲ. ಪಕ್ಕದಲ್ಲಿ ಸ್ಪ್ಯಾನರ್ ಕೂತಿದ್ದ. ಮೆಕ್ಯಾನಿಕ್ಕು, ಯಾವಾಗಲೂ ಜೇಬಿನಲ್ಲಿ ಒಂದು ಸ್ಪ್ಯಾನರ್ ಇಟ್ಟುಕೊಂಡಿರುವುದರಿಂದ ಎಲ್ಲರ ಬಾಯಲ್ಲೂ ಅದೇ ಹೆಸರು.

“ಏನ್ ಗುರುಗಳೇ, ಇವತ್ತು ಪ್ರವಚನವಂತೆ?”

“ಸುಮ್ಮನಿರಪ್ಪ, ಮೊದಲೇ ಬಾಯಿ ಒಣಗ್ತಿದೆ.”

“ಒಂದು ಮಾತು ಹೇಳ್ತೀನಿ. ಮೆಟ್ಟಿಲು ಹತ್ತಿ ಅಂತ ಮಾತ್ರ ಹೇಳಬೇಡ. ಎಲ್ಲರೂ ಹತ್ತೋಕೆ ಶುರು ಮಾಡಿದ್ರೆ ನಾವು ಅಂಗಡಿ ಬಾಗಿಲು ಹಾಕ್ಕೊಂಡು ಮನೆಗೆ ಹೋಗಬೇಕಾಗುತ್ತೆ.”

ಆದರೆ ಹಾಲಿನಲ್ಲಿ ಎದ್ದು ನಿಂತಾಗ ಅವನ ಬಾಯಿಂದ ಮೊದಲು ಬಂದದ್ದು ಅದೇ. ಮೆಟ್ಟಿಲು ಹತ್ತಿ, ಎಣಿಸಬೇಡಿ. ಎಲ್ಲರೂ ನಕ್ಕರು, ಸ್ಪ್ಯಾನರ್ ತಲೆಯ ಮೇಲೆ ಕೈಯಿಟ್ಟುಕೊಂಡ. ಎರಡನೆಯದು, ಮಾತಾಡುತ್ತ ಹತ್ತಿ. ಮೂರನೆಯದು, ಪುಸ್ತಕದ ಪುಟ ಎಣಿಸಬೇಡಿ. ನಾಲ್ಕನೆಯದು, ಓದಿದ್ದನ್ನು ಯಾರಿಗಾದರೂ ಹೇಳಿ. ಒಂದೊಂದು ಹೇಳಿದಾಗಲೂ ಜನ ತಲೆದೂಗುತ್ತಿದ್ದರು, ಮತ್ತು ಒಂದೊಂದು ತಲೆದೂಗಿದಾಗಲೂ ತಾನು ಯಾರದೋ ಅಂಗಿ ತೊಟ್ಟು ಮದುವಣಿಗನಾಗಿದ್ದೇನೆ ಎಂದು ಅವನಿಗೆ ಅನಿಸುತ್ತಿತ್ತು. ಭಾವನ ಹೆಸರು ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಹೇಳಿದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂದರೆ ಆಸ್ಪತ್ರೆಯ ಆ ಮೆಟ್ಟಿಲಿನ ತಿರುವಿಗೇ ಹೋಗಬೇಕು. ಹೇಳಲಿಲ್ಲ. ಅವನದೇ ಆದ ಐದನೆಯದಕ್ಕೆ ಬಂದ. ಕಾದಂಬರಿಯ ಹೆಸರು ಹೇಳಿದ. ಮೇಡಂ ಮುಖ ಒಮ್ಮೆಲೇ ಅರಳಿತು, ಕುರ್ಚಿ ಮುಂದಕ್ಕೆಳೆದುಕೊಂಡರು. ಅವನಿಗೆ ಹುರುಪು ಬಂತು. ಸತ್ತವಳನ್ನು ಲೇಖಕ ಹೇಗೆ ಮರುದಿನವೇ ಎಂಬಂತೆ ಅಡುಗೆಮನೆಗೆ ವಾಪಸು ತರುತ್ತಾನೆ, ಕಾಲವನ್ನು ಹೇಗೆ ತಿರುವಿಹಾಕುತ್ತಾನೆ, ದುಃಖಕ್ಕೆ ಮದ್ದು ಅಂದರೆ ಇದು, ದಿನದ ಬದುಕಿಗೆ ಇದಕ್ಕಿಂತ ದೊಡ್ಡ ಸಲಹೆ ತನಗೆ ಗೊತ್ತಿಲ್ಲ ಎಂದು ಹೇಳಿದ. ಸಿಪ್ಪೆಯನ್ನೂ ಹೇಳಿದ.

“ಒಂದು ನಿಮಿಷ,” ಎಂದರು ಮೇಡಂ. ಕೊಂಕು ಇರಲಿಲ್ಲ, ತನ್ನ ಊರಿನವರು ಸಿಕ್ಕಿದಾಗಿನ ಸಂತೋಷವಿತ್ತು. “ನನಗೆ ತುಂಬ ಇಷ್ಟದ ಪುಸ್ತಕ ಇದು, ಮೂರು ಸಲ ಓದಿದೀನಿ. ಆದ್ರೆ ಅದು ಹಾಗಿಲ್ಲವಲ್ಲ? ಆಲೂಗಡ್ಡೆ ಅಧ್ಯಾಯ ಮೊದಲು ಬರುತ್ತೆ. ಆಮೇಲೆ ಕಾಯಿಲೆ, ಆಮೇಲೆ ರೈಲು ತಪ್ಪೋದು. ಕಥೆ ನೇರವಾಗೇ ಹೋಗುತ್ತೆ. ಅವಳು ವಾಪಸು ಬರಲ್ಲ.”

“ಬರ್ತಾಳೆ ಮೇಡಂ.”

“ಇಲ್ಲಪ್ಪ.”

“ನಾನು ಓದಿದ್ದರಲ್ಲಿ ಬಂದಳು.”

ಯಾರೋ ಕಿಸಕ್ಕೆಂದರು. “ಗುರುಗಳು ಹಿಂದಿನಿಂದ ಓದಿದಾರೆ” ಎಂದ ಸ್ಪ್ಯಾನರ್, ಪ್ರೀತಿಯಿಂದಲೇ, ಮತ್ತು ಹಾಲಿಗೆ ಹಾಲೇ ನಕ್ಕಿತು. ಮೇಡಂ ಮುಖ ಪೆಚ್ಚಾಯಿತು, “ಅಯ್ಯೋ, ನಾನು ಸುಮ್ಮನಿರಬೇಕಿತ್ತು” ಎಂಬಂತೆ. ಅವನ ಕಿವಿ ಬಿಸಿಯಾದವು. ಓದದೆ ಓದಿದೆ ಎಂದು ಕೊಚ್ಚಿಕೊಂಡವನ ಹಾಗೆ ನಿಂತಿದ್ದ. ಕಾದಂಬರಿಯ ನಾಲ್ಕನೆಯ ಭಾಗ, ಐದನೆಯ ಭಾಗ, ಪುಟಸಂಖ್ಯೆ ಇಲ್ಲ, ಅಧ್ಯಾಯಗಳಿಗೂ ಬರೀ ಒಂದು ನಕ್ಷತ್ರದ ಗುರುತು. ಭಾಗಗಳ ವರಸೆಗೆ ಇದ್ದದ್ದು ದಾರದ ಬಣ್ಣವೊಂದೇ. “ತಿಳಿಯಿಂದ ಕಪ್ಪಿಗೆ” ಎಂದು ಭಾವ ಶುರುವಿನಲ್ಲೇ ಹೇಳಿಕೊಟ್ಟಿದ್ದರು: ಬಿಳಿ, ಹಳದಿ, ಕೆಂಪು, ಹಸಿರು, ನೀಲಿ, ಕಪ್ಪು. ಅವರು ಅವನ ಕೈಗೆ ನಾಲ್ಕನೆಯದೆಂದು ಕೊಟ್ಟಿದ್ದು ನೀಲಿ. ಐದನೆಯದೆಂದು ಕೊಟ್ಟಿದ್ದು ಹಸಿರು. ಅವನು ಕಂಡಿದ್ದ, ಕಂಡೂ ಭಾವ ಕೊಟ್ಟಿದ್ದಾರಲ್ಲ ಎಂದು ತೆರೆದಿದ್ದ. ಅವರ ಕೈ ವರಸೆ ತಪ್ಪುವುದೆಂದರೆ ಗೋಡೆ ಗಡಿಯಾರ ಹಿಂದಕ್ಕೆ ನಡೆದ ಹಾಗೆ. ಎಲ್ಲರ ನಗುವಿನ ನಡುವೆ ನಿಂತಲ್ಲೇ ಅವನಿಗೆ ಒಂದರ ಹಿಂದೆ ಒಂದು ಬಂದವು. ಕಾವಲುಗಾರನ ಎತ್ತಿದ ಕೈ. ಬೂಟಿನ ಸದ್ದಿಗೆ ತಿರುಗಿದ ಮುಖ. ನಡು ಹಗಲಿನಲ್ಲಿ ಅಂಗಡಿಯ ದೀಪ. ನನಗೆಲ್ಲಿ ಪುರುಸೊತ್ತು, ನೀನು ಓದು. ಹೆಬ್ಬೆರಳ ಬಟ್ಟೆ. ಮತ್ತೆ ಮೊಣಕೈ. ಓಡಬಾರದು ಅಂತಲೇ ಹಿಡ್ಕೊಂಡಿರೋದು. ಯಾವ ಬೆಳಿಗ್ಗೆಯಿಂದ ಆ ಹಿಡಿತ ತನ್ನನ್ನು ತಡೆಯುವುದನ್ನು ಬಿಟ್ಟು ತನ್ನನ್ನು ನೆಚ್ಚಿಕೊಳ್ಳತೊಡಗಿತು? ಅವನನ್ನು ಅವರು ಕರೆದೊಯ್ಯುತ್ತಿದ್ದಾರೆ ಎಂದುಕೊಂಡೇ ಅವನು ಅವರನ್ನು ಕರೆದೊಯ್ದಿದ್ದ.

“ಇನ್ನೊಂದು ಹೇಳಿ, ಐದಾಗಲಿಲ್ಲ” ಎಂದು ಮೇಡಂ ಅವನನ್ನು ಪಾರುಮಾಡುವ ದನಿಯಲ್ಲಿ ಹೇಳಿದರು.

“ನೀರು ಕುಡೀರಿ” ಎಂದ. ಚಪ್ಪಾಳೆ ಬಿತ್ತು. ಭಾವ ಹೇಳಿದ್ದು ನಿಜ, ಯಾರೂ ಎದುರು ಮಾತಾಡಲಿಲ್ಲ.

ಸಂಜೆಯವರೆಗೂ ಫೋನುಗಳು ಬಂದವು, ಹೋದವು. ಬೆಳಗಿನ ಹೆಂಗಸು ಹೊರಗೆ ಬಂದ ಮೇಲೆ ಮತ್ತೆ ಕರೆ ಮಾಡಿ, ನಿಮ್ಮ ಹೆಸರು ಕೇಳೋದು ಮರೆತಿದ್ದೆ ಎಂದಳು. ಅವನಿಗೆ ನಗು ಬಂತು, ಯಾಕೋ ಕಣ್ಣೂ ತುಂಬಿತು. ಅವಮಾನ ಎಂದುಕೊಂಡದ್ದು ಎಲ್ಲಿಯೋ ಇಳಿದುಹೋಗಿ ಅದರ ಜಾಗದಲ್ಲಿ ಭಯ ಬಂದು ಕೂತಿತ್ತು. ಭಾವನ ಅಂಗಡಿಯಲ್ಲಿರುವುದು ಸೂಜಿ ದಬ್ಬಳ ಮಾತ್ರವಲ್ಲ. ಆ ಯಂತ್ರವಿದೆ. ಎರಡು ಕೈಯಿಂದ ಸನ್ನೆಕೋಲು ಎಳೆದರೆ ಒಂದು ಕಟ್ಟು ಕಾಗದವನ್ನು ಬೆಣ್ಣೆಯ ಹಾಗೆ ಇಳಿಸುವ ಅಲಗು. ಇವತ್ತು ಹೆಬ್ಬೆರಳ ಚರ್ಮ, ನಾಳೆ? ಆದರೆ ಹೇಳುವುದು ಹೇಗೆ? ‘ಭಾವ, ನಿಮಗೆ ಕಣ್ಣು ಕಾಣ್ತಿಲ್ಲ’ ಎನ್ನುವುದೇ? ಅವನಿಗೆ ಎಲ್ಲರೂ ಹೇಳಿದ್ದರಲ್ಲ: ಡಾಕ್ಟರು, ಸ್ನೇಹಿತರು, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರು ಕೂಡ. ಇಳಿಸು, ಬಿಡು, ನಡೆ, ತಿನ್ನಬೇಡ. ಒಂದೊಂದು ಮಾತಿಗೂ ಅವನು ಇನ್ನಷ್ಟು ದಪ್ಪನಾಗಿದ್ದ. ಹೇಳದೆ ಹೋದವರು ಒಬ್ಬರೇ. ಇಂಥ ಮನುಷ್ಯನಿಗೆ ಸಲಹೆ ಕೊಡುವುದು ಅಂದರೆ ಅವರು ಹೊಲಿದ ದಾರವನ್ನು ಅವರ ಕಣ್ಣೆದುರೇ ಬಿಚ್ಚಿದ ಹಾಗೆ. ಕಣ್ಣೆದುರೇ, ಎಂದುಕೊಂಡು ನಾಲಿಗೆ ಕಚ್ಚಿಕೊಂಡ.

ಅಂಗಡಿಯ ದೀಪ ಉರಿಯುತ್ತಿತ್ತು, ಹೊರಗೆ ಇನ್ನೂ ಬೇಕಾದಷ್ಟು ಬೆಳಕಿರುವಾಗಲೇ. ಅಂಟು, ಹಳೆಯ ಕಾಗದ, ಯಂತ್ರದ ಎಣ್ಣೆ ಸೇರಿದ ಆ ವಾಸನೆ ಮೂಗಿಗೆ ಬಿದ್ದರೆ ಅವನಿಗೆ ಈಗೀಗ ಹಸಿವಾಗುತ್ತದೆ. ಭಾವ ಯಂತ್ರದ ಮುಂದೆ ನಿಂತು ಒಂದು ತೆಳು ಭಾಗವನ್ನು ಅಲಗಿನ ಕೆಳಗೆ ಸರಿಸುತ್ತಿದ್ದರು. ಬೆರಳಿನಿಂದ ಅಂಚು ತಡವಿ, ಮುಖವನ್ನು ಪುಟಕ್ಕೆ ತಾಗುವಷ್ಟು ಹತ್ತಿರ ತಂದು, ಹಿಂದೆ ಸರಿದು, ಮತ್ತೆ ತಡವಿ. ಅವರು ಹೀಗೆ ಮಾಡುವುದನ್ನು ಅವನು ಎಷ್ಟು ಸಲ ನೋಡಿದ್ದನೋ. ಕುಸುರಿ ಎಂದುಕೊಂಡಿದ್ದ.

“ಬಂದೆಯಾ? ಕೊನೇದು ಇದು. ಕಪ್ಪು ದಾರ. ಇನ್ನೇನು ಅಂಚು ತೆಗೆದು ಕೊಟ್ಟುಬಿಡ್ತೀನಿ. ಹೇಗಾಯ್ತು ನಿನ್ನ ಭಾಷಣ?”

“ನೀರು ಕುಡೀರಿ ಅಂದೆ.”

“ಚಪ್ಪಾಳೆ ಬಿತ್ತಾ?”

“ಬಿತ್ತು.”

“ನೋಡಿದೆಯಾ” ಎಂದು ಅವರು ಸನ್ನೆಗೆ ಕೈಹಾಕಿದರು. ಒಳಗಿನಿಂದ ಅಕ್ಕ ಪಾತ್ರೆ ಸರಿಸುವ ಸದ್ದು. ಅವನು ಎರಡು ಹೆಜ್ಜೆ ಮುಂದೆ ಬಂದು ಸನ್ನೆಯ ಮೇಲೆ, ಅವರ ಕೈಯ ಪಕ್ಕದಲ್ಲಿ, ತನ್ನ ಕೈಯನ್ನೂ ಇಟ್ಟ. ಹಿಡಿದು ನಿಲ್ಲಿಸಿದಂತಲ್ಲ, ಸುಮ್ಮನೆ ಒರಗಿಕೊಂಡ ಹಾಗೆ.

“ಭಾವ, ನಾನು ನಾಳೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು ಅಂತಿದೀನಿ. ಕನ್ನಡಕ ಬದಲಾಯಿಸಬೇಕು. ಒಬ್ಬನೇ ಹೋಗೋಕೆ ಬೇಜಾರು. ಜೊತೆಗೆ ಬನ್ನಿ.”

ಭಾವ ಅವನ ಕಡೆ ತಿರುಗಿದರು. ಅವರು ಅವನ ಮುಖದ ಕಡೆ ನೋಡುತ್ತಿದ್ದರು. ಸರಿಯಾಗಿ ಮುಖವನ್ನಲ್ಲ, ಅದರ ಆಚೀಚೆಯ ಎಲ್ಲಿಯೋ. ಆ ನೋಟವನ್ನು ಇಷ್ಟು ಹತ್ತಿರದಿಂದ ಅವನು ನೋಡಿರಲಿಲ್ಲ, ಒಂದು ವರ್ಷದಿಂದ ಪಕ್ಕದಲ್ಲಿ ನಡೆದಿದ್ದನೇ ಹೊರತು ಎದುರು ನಿಂತಿರಲಿಲ್ಲ.

“ಕನ್ನಡಕ ಹೋದ ತಿಂಗಳು ತಾನೆ ಬದಲಾಯಿಸಿದೆ ನೀನು?”

“ಹೂಂ.”

“ಟ್ಯಾಂಕಿನವರೆಗೆ ಜೊತೆಗೆ ಬಾ ಅಂತ ನಾನು ಕರೆದೆನಲ್ಲ, ಅಂಥ ಜೊತೆನಾ ಇದು?”

“ಅಂಥದ್ದೇ ಭಾವ.”

ಅವರು ಸನ್ನೆಯಿಂದ ಕೈ ತೆಗೆದು, ಸ್ಟೂಲು ಎಲ್ಲಿದೆ ಎಂದು ಕಾಲಿನಿಂದ ಹುಡುಕಿ ಕೂತರು. ಇನ್ನು ಅಡಗಿಸುವುದು ಬೇಡ ಎಂದುಕೊಂಡವರ ಹಾಗೆ ಕಾಲಿನಿಂದಲೇ ಹುಡುಕಿದರು. ಅವನು ಯಂತ್ರದ ಅಲಗನ್ನು ಮೇಲೆತ್ತಿ, ಕೊಂಡಿ ಹಾಕಿದ. ಕಪ್ಪು ದಾರದ ಭಾಗ ಪುಟಸಂಖ್ಯೆಗಳ ಸಮೇತ ಅಲ್ಲೇ ಉಳಿಯಿತು.

“ಮಂಜು ಕವಿದ ಹಾಗೆ ಇದೆ ಕಣೋ” ಎಂದರು ಮೆಲ್ಲಗೆ, ಒಳಗೆ ಕೇಳದಂತೆ. “ಇರಲಿ ಇರಲಿ ಅಂತ ಬಿಟ್ಟೆ. ಕಣ್ಣು ಕಾಣದ ಬೈಂಡರಿಗೆ ಯಾರು ಪುಸ್ತಕ ಕೊಡ್ತಾರೆ? ನಿಮ್ಮ ಅಕ್ಕನಿಗೂ ಹೇಳಿಲ್ಲ. ನಿನಗೆ ಹೇಗೆ ಗೊತ್ತಾಯ್ತು?”

ಅವನು ಅನುಮಾನಿಸಿದ. ಬಸ್ಸು ಕೆಟ್ಟಿತ್ತಂತೆ ಎನ್ನುವಂಥ ಒಂದು ಮಾತು ಸಿಕ್ಕರೆ ಎಂದು ತಡಕಾಡಿದ. ಅಂಥ ಮಾತು ಹೊಳೆಯುವುದಕ್ಕೂ ಒಂದು ಯೋಗ್ಯತೆ ಬೇಕು.

“ನೀಲಿ ಮೊದಲು ಕೊಟ್ಟಿರಿ. ಹಸಿರು ಆಮೇಲೆ.”

ಭಾವ ಬಹಳ ಹೊತ್ತು ತಮ್ಮ ಬೆರಳುಗಳನ್ನೇ ಉಜ್ಜಿಕೊಂಡರು. ಒಣಗಿದ ಅಂಟು ಹೊಟ್ಟಿನ ಹಾಗೆ ಉದುರಿತು. ಜೀವಮಾನದಲ್ಲಿ ಎಷ್ಟು ಪುಸ್ತಕ ಹೊಲಿದಿದ್ದರೋ. ಒಂದರಲ್ಲೂ ಹಿಂದಿನದು ಮುಂದೆ ಬಂದಿರಲಿಲ್ಲ. ಅವರ ಮುಖ ಸಣ್ಣಗಾಗಿದ್ದನ್ನು ನೋಡಲಾರದೆ ಅವನು ಗೋಡೆಯ ಕಡೆ ತಿರುಗಿದ. ಅಲ್ಲಿ ದಾರದ ಉಂಡೆಗಳು ಸಾಲಾಗಿ ತೂಗುತ್ತಿದ್ದವು. ಆ ಮಬ್ಬು ದೀಪದಲ್ಲಿ ನೀಲಿ ಯಾವುದು ಹಸಿರು ಯಾವುದು ಎಂದು ಅವನಿಗೂ ಒಂದು ಗಳಿಗೆ ತಿಳಿಯಲಿಲ್ಲ. ಮತ್ತು ಆ ಗಳಿಗೆಯಲ್ಲಿ ಅವನಿಗೆ ಇಡೀ ವರ್ಷ ಒಟ್ಟಿಗೆ ಕಂಡಿತು. ಹಾಲಿನ ಕೆನೆಯ ಬಣ್ಣದ ಆ ಮೆಟ್ಟಿಲು, ಕಲ್ಲಿನ ಈ ಮೆಟ್ಟಿಲು, ಎರಡರಲ್ಲೂ ಪಕ್ಕದಲ್ಲಿ ಇದ್ದ ಒಂದೇ ಕೈ. ಇಂಥ ಕೈ ಒಂದು ಜನ್ಮಕ್ಕೆ ಒಬ್ಬನಿಗೆ ಸಿಗುವುದೇ ಹೆಚ್ಚು. ಕೃತಜ್ಞತೆ ಎಂಬ ಶಬ್ದ ಅವನಿಗೆ ಯಾವಾಗಲೂ ಭಾರವಾಗಿ, ಸಮಾರಂಭದ ಹಾರದ ಹಾಗೆ ಕೇಳಿಸುತ್ತಿತ್ತು. ಈಗ ಅದು ಬೂಟಿನ ದಾರದಷ್ಟು ಹಗುರಾಗಿ, ಬಗ್ಗಿದರೆ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು.

“ಕಣ್ಣು ಸರಿಹೋಗುತ್ತೋ ಇಲ್ಲವೋ” ಎಂದರು ಭಾವ.

“ಗೊತ್ತಿಲ್ಲ ಭಾವ. ಕೇಳಿಕೊಂಡು ಬರೋಣ. ಹೇಗಾದರೂ ಸರಿ, ಬೆಳಿಗ್ಗೆ ಟ್ಯಾಂಕು ಟ್ಯಾಂಕೇ.”

“ಆ ಹಸಿರು ಭಾಗ ವಾಪಸು ತಂದುಕೊಡು. ಡಾಕ್ಟರು ಕಣ್ಣು ಕೊಟ್ಟರೆ ಆರನ್ನೂ ಸರಿಯಾದ ವರಸೆಯಲ್ಲಿ ಒಂದಾಗಿ ಹೊಲಿದು ಕೊಡ್ತೀನಿ.”

“ಬೇಡ.”

“ತಪ್ಪು ವರಸೆ ಅದು, ಪುಟ್ಟ.”

“ಇರಲಿ ಬಿಡಿ.”

ಒಳಗಿನಿಂದ ಅಕ್ಕ, “ಏನು ಗುಸುಗುಸು ಇಬ್ಬರದೂ? ಚಹಾ ಆರ್ತಿದೆ, ಬರ್ತೀರೋ ಇಲ್ಲ ನಾನೇ ಎರಡೂ ಕುಡಿದುಬಿಡಲೋ?” ಎಂದು ಕೂಗಿದಳು. ಭಾವ ಎದ್ದರು. ಕೈ ಚಾಚಿದರು, ಅವನ ಮೊಣಕೈ ಎಂದಿನ ಜಾಗದಲ್ಲೇ ಇತ್ತು. ಬಾಗಿಲಿನ ಹೊಸ್ತಿಲ ಬಳಿ ನಿಂತು, ಅವಳಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದರು:

“ಹಾಗಾದ್ರೆ ಆ ಮುದುಕಿ ಸತ್ತ ಮೇಲೆ ಆಲೂಗಡ್ಡೆ ಸುಲಿದಿದ್ದು ಸುಳ್ಳಾ?”

“ಸುಲಿದಳು ಭಾವ” ಎಂದ ಅವನು. “ನಾನು ಓದಿದೆ. ನೀವು ಕೇಳಿದಿರಿ.”

“ಸಿಪ್ಪೆ?”

“ತುಂಡಾಗಲಿಲ್ಲ. ಇಲ್ಲಿ ಹೊಸ್ತಿಲಿದೆ, ಕಾಲು ಎತ್ತಿಡಿ.”

ಭಾವ ಕಾಲು ಎತ್ತಿಟ್ಟರು.